ಅವ್ವ ಗಾಯ ತೋರಿಸಿದ್ದು

ನಮ್ಮವ್ವ ನಮ್ಮೂರು ಕುರ್ಡಿಯಾಗ ಮಂದಿ ಹೊಲದಾಗ ಕೂಲಿ ಮಾಡಿ ನನ್ನ ನರ್ಸಿಂಗ್ ಓದಿಸ್ಯಾಳ. ಅದನ್ನ ಹೇಳಾಕ ನನಗ ನಾಚಿಕಿಲ್ಲ, ಸೊಕ್ಕೇ ಅದ. ಹೋದ ವರ್ಷ ಆಕಿ ಎದಿ ಹಿಡಕೊಂಡು ಕುಂತಾಗ ರಾಯಚೂರಿಗೆ, ನಾ ಕೆಲಸ ಮಾಡೋ ಆಸ್ಪತ್ರಿಗೇ ಕರಕೊಂಡು ಬಂದೆ. ತೊಡಿಸಂದಿನ ರಕ್ತನಾಳದಾಗಿಂದ ತಂತಿ ಹಾಯಿಸಿ ಹೃದಯಕ್ಕ ಸ್ಟೆಂಟ್ ಹಾಕಿದರು. ಆ ತೂತಿಗೆ ಒಂದು ಸಣ್ಣ ಬಿರಡಿ ಕೂಡಿಸಿ ಮುಚ್ಚಿದರು. ಮನಿಗೆ ಕಳಿಸುವಾಗ ನಾನೇ ಹೇಳಿದ್ದೆ, "ಯವ್ವಾ, ಅದು ಹೊರಗಿನ ವಸ್ತು. ಕೀವು ಹಿಡಿದರ ನಾಳನೇ ಕೊಳೀತದ. ಗಾಯಕ್ಕ ಏನೂ ಹಚ್ಚಬ್ಯಾಡ." ಆಕಿ ಹೂಂ ಅಂದಳು.

ಮುಂದ ಹದಿನೈದು ದಿನಕ್ಕ ರಜಾ ಹಾಕಿ ಊರಿಗೆ ಹೋದರ, ಅವ್ವ ಕಾಲು ಎಳಕೊಂತ ಅಡ್ಡಾಡಾಕತ್ತಾಳ, ಮೈ ಸುಡಾಕತ್ತದ.

"ಬಿಸಲಿನ ಜ್ವರ, ಬಿಡ."

"ಗಾಯ ತೋರಸು."

"ಥೂ, ಅಲ್ಲೇನು ತೋರಸೋದು? ನಿಮ್ಮಪ್ಪನೂ ಬೆಳಕಿನಾಗ ನೋಡಿದ್ದಿಲ್ಲ."

ಬಾಗಲ ಹಾಕಿ ನಾನೇ ಸೀರಿ ಸರಿಸಿದೆ. ಸಂದು ಕೆಂಪಗ ಬಾತು ಕೀವು ಸೋರಾಕತ್ತಿತ್ತು. ಅದರ ಮ್ಯಾಲೆ ಅರಿಷಿಣ ಮೆತ್ತಿತ್ತು. ನೀರಮಾನ್ವಿ ಎಲ್ಲವ್ವನ ಗುಡಿ ಭಂಡಾರ, ನಮ್ಮ ಚಿಗವ್ವ ತಂದುಕೊಟ್ಟಿದ್ದು.

"ಏನೂ ಹಚ್ಚಬ್ಯಾಡ ಅಂದಿದ್ನಿಲ್ಲೇನು?"

"ಏನೂ ಹಚ್ಚಿಲ್ಲವಾ. ಭಂಡಾರ ಹಚ್ಚೋದರಾಗ ಬರತದೇನು? ತಾಯಿದು ಅದು."

ಹಿತ್ತಲ ಗಿಡ ಮದ್ದಲ್ಲ ಅಂತಾರ, ಮಗಳ ಮಾತೂ ಅಷ್ಟೇ. ಸಿಟ್ಟು ನೆತ್ತಿಗೇರಿತು, ಅವ್ವಗೂ ಚಿಗವ್ವಗೂ ಬಾಯಿಗೆ ಬಂದಂಗ ಬೈದೆ. ಒಳಗ ಮಾತ್ರ ಅಂಜಿಕಿ. ಆಗಿಂದಾಗ ಗಾಡಿ ಮಾಡಿ ಆಕಿನ್ನ ಕರಕೊಂಡು ಹೊಂಟೆ. ಆ ನಾಳ ಒಡೆದರ ಗಾಡಿ ರಾಯಚೂರು ಮುಟ್ಟೂದರಾಗ ಅವ್ವ ಇರಂಗಿಲ್ಲ. ರಕ್ತ ಚಿಮ್ಮಿದರ ಒತ್ತಿ ಹಿಡಿಯಾಕಂತ ದಾರಿ ಉದ್ದಕ್ಕೂ ಆಕಿ ತೊಡಿ ಮ್ಯಾಲೆ ಕೈ ಇಟ್ಟಕೊಂಡೇ ಕುಂತಿದ್ದೆ.

ಆಪರೇಶನ್ ಮಾಡಿ ಬಿರಡಿ ಕಿತ್ತರು, ಕೊಳೆತದ್ದು ತಗದರು, ನಾಳಕ್ಕ ತ್ಯಾಪಿ ಹಚ್ಚಿದರು. ಕಾಲು ಉಳೀತು, ಅವ್ವನೂ ಉಳದಳು. ಮ್ಯಾಲಿನ ಗಾಯ ಹೊಲೀದೇ ಬಿಟ್ಟಿದ್ದರು, ದಿನಾ ಡ್ರೆಸ್ಸಿಂಗ್ ಆಗಬೇಕಿತ್ತು. ಡಾಕ್ಟರ್ ಬಂದರ ಸಾಕು, ಅವ್ವ ಸೆರಗು ಮುಖದ ಮ್ಯಾಲೆ ಎಳಕೊಂಡು ಗ್ವಾಡಿ ಕಡೆ ಹೊಳ್ಳತಿದ್ದಳು. ನನ್ನ ಕೈಲೆ ಮಾಡಿಸಿಕೊಳ್ಳಾಕೂ ಮೈ ಬಿಗಿ ಹಿಡಿತಿದ್ದಳು.

ಒಂದಿನ ನಾ ಡ್ರೆಸ್ಸಿಂಗ್ ಬಿಚ್ಚಿದಾಗ ನರ್ಸಿಂಗ್ ಕಲಿಯೋ ಹುಡುಗೇರು ವಾರ್ಡಿಗೆ ಬಂದರು. ಆಕಿ ನಾಚಿಕಿ ಗೊತ್ತಿದ್ದ ನಾ ಪರದೆ ಎಳಿಯಾಕ ಹೋದೆ. ಅವ್ವ ನನ್ನ ಕೈ ಹಿಡದಳು. ಮುಖದ ಮ್ಯಾಲಿನ ಸೆರಗು ತಾನೇ ಸರಿಸಿದಳು.

"ಬರ್ರಿ ಮಕ್ಕಳಾ, ಹತ್ರ ಬರ್ರಿ. ಛಂದಾಗಿ ನೋಡ್ರಿ" ಅಂದಳು. "ನನ್ನ ಮಗಳೂ ಯಾರದೋ ಅವ್ವನ ಗಾಯ ನೋಡೇ ಕಲತಾಳ. ಅದಕ್ಕ ನಾ ಉಳದೀನಿ."