ಎರಡ ದಿನದ ಉಪ್ಪಿನಕಾಯಿಗೆ ವರ್ಷದ ಉಪ್ಪು

ಯರಗಟ್ಟಿಯ ಭಾಗೀರಥಿ ಉಪ್ಪಿನಕಾಯಿ ಹಾಕ್ತಾಳಂದ್ರ ಓಣಿ ತುಂಬ ನಗತಿತ್ತು. ಓಣಿಯವರಿಗಿಂತ ಮೊದಲ ಭಾಗೀರಥಿನ ನಗತಿದ್ಲು. ಮಾವಿನಕಾಯಿ ಹಾಕಿದ್ರ ಬೂಸ್ಟು ಹಿಡಿಯೂದು, ಲಿಂಬಿಕಾಯಿ ಹಾಕಿದ್ರ ಕಹಿ ಆಗೂದು. "ದೇವ್ರು ನನಗ ಕೈ ಕೊಟ್ಟಾನ, ಕೈಗುಣ ಕೊಡೂದ ಮರತಾನ" ಅಂತ ತಾನ ಹೇಳಿ, ಬಟ್ಟಲಾ ಹಿಡಕೊಂಡು ಬಾಜೂಮನಿ ಕೆಂಚವ್ವನ ಕಡೆ ಹೋಗಾಕಿ.

ಅಂಥಾಕಿಗೆ ಈ ಸಲ ತಾನ ಹಾಕೂ ಪಾಳಿ ಬಂತು. ಮಗಳು ಮಂಜುಳಾ ಕಿತ್ತೂರಾಗ ಗಂಡನ ಮನ್ಯಾಗ ಬಸರಿ, ಬಾಯಿಗೆ ಏನೂ ಹತ್ತವಲ್ದು. ಅರ್ಧ ರೊಟ್ಟಿ ತಿನ್ನೂದ್ರಾಗ ಎದ್ದ ಹೋಗತಿದ್ಲು. ಫೋನಿನ್ಯಾಗ ಅತ್ತಬಿಟ್ಲು. "ಯವ್ವಾ, ಏನರ ಹುಳಿ ಮಾಡಿ ತಗೊಂಡ ಬಾ. ಕೆಂಚವ್ವ ಕಾಕೂಂದು ಬ್ಯಾಡ, ನಿನ್ನ ಕೈದ ಬೇಕು."

ಬಸರಿ ಹೆಣ್ಣಮಗಳು ಬಾಯಿಬಿಟ್ಟು ಕೇಳಿದ ಮ್ಯಾಲ ಇಲ್ಲ ಅನ್ನೂದ ಹೆಂಗ? ಆದ್ರ ಉಪ್ಪಿನಕಾಯಿ ಮಾಗೂತನಕ ಯಾರು ಕಾಯಬೇಕು? ಕೆಂಚವ್ವ ಮೊಬೈಲಿನ್ಯಾಗ ಒಂದು ವಿಡಿಯೋ ತಗದು ತೋರಿಸಿದ್ಲು. ಹಿತ್ತಲದ ಕಾಯಿಪಲ್ಲೆ ಹೆಚ್ಚಿ ಬರಣಿಗೆ ತುಂಬೂದು, ವಿನೆಗರ್ ನೀರು ಕುದಿಸಿ ಸುರುವೂದು, ಫ್ರಿಜ್ಜಿನ್ಯಾಗ ಇಡೂದು. ಎರಡ ದಿನಕ್ಕ ತಯಾರ. ಬಿಸಿಲು ಬ್ಯಾಡ, ಎಣ್ಣಿ ಬ್ಯಾಡ.

"ಬೂಸ್ಟು ಹಿಡಿಯಾಕ ಪುರಸೊತ್ತ ಇಲ್ಲ. ಇದು ನನ್ನ ಸಲುವಾಗೇ ಹುಟ್ಟೈತಿ ಬಿಡು" ಅಂದ್ಲು ಭಾಗೀರಥಿ.

ಹಿತ್ತಲಕ್ಕ ಹೋಗಿ ಸೌತಿಕಾಯಿ, ಹಸಿಮೆಣಸಿನಕಾಯಿ ಹರಕೊಂಡು, ಗಜ್ಜರಿ, ಮೂಲಂಗಿ ಕಿತ್ತಕೊಂಡು ಬಂದ್ಲು. ವಿನೆಗರ್ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನ ಗೋಬಿ ಮಂಚೂರಿ ಗಾಡಿ ಬಾಳೇಶನ ಕಡೆ. ಎಲ್ಲಾ ಸಸೂತ್ರ ನಡೀತು, ಉಪ್ಪಿನ ತನಕ. ವಿಡಿಯೋದಾಗಿನ ಹುಡುಗಿ ಸಣ್ಣ ಚಮಚೆಲೆ ಉಪ್ಪು ಹಾಕಿದ್ದು ನೋಡಿ ಭಾಗೀರಥಿಗೆ ಸಮಾಧಾನ ಆಗಲಿಲ್ಲ. ಉಪ್ಪಿನಕಾಯಿಗೆ ಉಪ್ಪು ಹಾಕುವಾಗ ಕೈ ಬಿಗಿ ಹಿಡೀಬಾರದು, ವರ್ಷ ತಡೀಬೇಕು ಅಂತ ಅತ್ತಿ ಕಲಿಸಿದ್ಲು. ಬೊಗಸಿ ತುಂಬ ಹರಳುಪ್ಪು ಸುರುವಿದ್ಲು.

ನಾಕ ದಿನದಾಗ ತಿಂದು ಮುಗಿಸೂ ಉಪ್ಪಿನಕಾಯಿ ವರ್ಷ ಯಾಕ ತಡೀಬೇಕು ಅನ್ನೂದು ಆಕಿ ತಲೀಗೆ ಹೊಳದಿದ್ದು ಎರಡ ದಿನ ಬಿಟ್ಟು, ಬೈಲಹೊಂಗಲದಾಗ ಕಿತ್ತೂರ ಬಸ್ ಬದಲಿಸಿ ಕುಂತ ಮ್ಯಾಲ. ಬರಣಿ ಮುಚ್ಚಳ ತಗದು ಒಂದು ಹೋಳು ಬಾಯಾಗ ಇಟ್ಟಕೊಂಡ್ಲು. ಉಪ್ಪಿಗೆ ಕಣ್ಣಾಗ ನೀರ ಬಂತು. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ, ವಾಸನಿಗೆ ಮೂಗು ಮುಚ್ಚಿಕೊಂಡು ಮುಂದ ಹೋದ. 'ಮೊಮ್ಮಕ್ಕಳನ್ನ ಕಾಣೂ ವಯಸ್ಸಾತು, ಉಪ್ಪು ಹಾಕೂದ ಗೊತ್ತಿಲ್ಲ. ಮಗಳು ಅರ್ಧ ರೊಟ್ಟಿನರ ತಿನ್ನಾಕಹತ್ಯಾಳ, ಅದನ್ನೂ ಬಿಡಸಾಕ ಹೊಂಟೀಯೇನ ಹುಚ್ಚಿ' ಅಂತ ತನ್ನನ್ನ ತಾನ ಬೈಕೊಂಡ್ಲು.

ಕಿತ್ತೂರಾಗ ಮಂಜುಳಾನ ಮಾರಿ ಸೊರಗಿ ಸಣ್ಣಾಗಿತ್ತು. ಭಾಗೀರಥಿ ಬರಣಿ ಚೀಲದ ತಳಕ್ಕ ಸರಿಸಿ, ಸೀರಿ ಮುಚ್ಚಿ ಇಟ್ಲು. ಬಿಡತಾಳ ಮಗಳು? ಹುಡುಕಿ ತಗದು, ತಾಟಿನ್ಯಾಗ ಹಾಕ್ಕೊಂಡು ಕುಂತ್ಲು.

ಮಂಜುಳಾನ ಅತ್ತಿ ಸತ್ಯವ್ವ ಉಪ್ಪಿನಕಾಯಿಯಾಗ ಕೈ ಪಳಗಿದಾಕಿ. ಒಂದು ಹೋಳು ಬಾಯಾಗ ಹಾಕ್ಕೊಂಡು ಗಡಬಡಿಸಿ ನೀರ ಕುಡದ್ಲು. "ಅಕ್ಕಾರ, ನಿಮ್ಮೂರಾಗ ಉಪ್ಪು ಭಾಳ ಸೋವಿ ಐತೇನ್ರಿ?"

"ಉಪ್ಪು ಸೋವಿನ ಐತ್ರಿ. ಬುದ್ಧಿನ ತುಟ್ಟಿ ಆಗೈತಿ, ನನಗ ಸಿಕ್ಕಿಲ್ಲ."

ಸತ್ಯವ್ವ ಬರಣಿ ಎತ್ತಿಡಾಕ ಕೈ ಚಾಚಿದ್ಲು. ಅಷ್ಟರಾಗ ಮಂಜುಳಾ ಒಂದು ಹೋಳು ಕಡದು, ಮಾರಿ ಕಿವುಚಿ, ಉಪ್ಪು ಮುರಿಯಾಕಂತ ರೊಟ್ಟಿ ಮುರದು ಬಾಯಿಗೆ ತುರಕೊಂಡ್ಲು. ಹುಳಿ ಬೇಕಂತ ಮತ್ತೊಂದು ಹೋಳು, ಉಪ್ಪಾತಂತ ಮತ್ತೆರಡು ತುತ್ತು. ಹಿಂಗ ಒಂದು ರೊಟ್ಟಿ ಮುಗೀತು. ಎರಡನೇದು ತಾನ ಎತ್ತಿಕೊಂಡ್ಲು.

ಸತ್ಯವ್ವ ಚಾಚಿದ ಕೈಲೆ ರೊಟ್ಟಿ ಬುಟ್ಟಿನ ಸೊಸಿ ಕಡೆ ಸರಿಸಿದ್ಲು. ಆಮ್ಯಾಲ ಭಾಗೀರಥಿ ಹತ್ರ ಬಗ್ಗಿ ಸಣ್ಣ ದನಿಲೆ ಅಂದ್ಲು, "ಅಕ್ಕಾರ, ಮುಂದಿನ ಸಲ ಹಾಕುವಾಗ ಉಪ್ಪು ಕಡಿಮಿ ಮಾಡಬ್ಯಾಡ್ರಿ."

ತನ್ನ ಮ್ಯಾಲ ಏನರ ಚ್ಯಾಷ್ಟಿ ಮಾಡಬೇಕಂತ ಭಾಗೀರಥಿ ಬಾಯಿ ತಗದ್ಲು. ಅದನ್ನ ಅಲ್ಲಿಗೆ ಬಿಟ್ಟು ಬರಣಿ ಮಗಳ ಹತ್ರ ಸರಿಸಿದ್ಲು. ಮಗಳು ರೊಟ್ಟಿ ಅಗಿಯೂದನ್ನ ನೋಡಕೋತ ಕುಂತ್ಲು.