ಎಣ್ಣೆ ಹಚ್ಚಿದ ಡ್ರಮ್

ನನ್ನ ಸೋದರಮಾವನ ಬಲಗೈ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಚಕ್ರದೊಳಗೆ ಬ್ರೇಕ್ ಕಚ್ಚುವ ಕಬ್ಬಿಣದ ಬಿಸಿ ಡ್ರಮ್ ಮುಟ್ಟಿ ಮುಟ್ಟಿ ಚರ್ಮ ಸುಟ್ಟು, ಮತ್ತೆ ಬಂದು, ಹುಣಸೆಬೀಜದ ಹಾಗೆ ನುಣುಪಾಗಿತ್ತು. ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನ ಪಿಕಪ್ ಓಡಿಸುತ್ತಿದ್ದ ಅವರು, ಇಳಿಜಾರು ಮುಗಿದ ಕೂಡಲೇ ಗಾಡಿ ನಿಲ್ಲಿಸಿ ನಾಲ್ಕೂ ಚಕ್ರದ ಡ್ರಮ್ ಮುಟ್ಟಿ ನೋಡುವವರು. ಯಾವುದು ತಣ್ಣಗಿದೆಯೋ ಆ ಕಡೆ ಬ್ರೇಕ್ ಹಿಡಿಯುತ್ತಿಲ್ಲ ಎಂದು ಲೆಕ್ಕ.

“ಉಗುಳು ಹಾಕಿ ನೋಡಿದ್ರೆ ಸಾಲದಾ ಮಾವ? ಕೈ ಯಾಕೆ ಸುಟ್ಟುಕೊಳ್ತೀರಿ?” ಎಂದರೆ, “ಅನ್ನ ಕೊಡೋ ಗಾಡಿಗೆ ಉಗೀತಾರಾ, ಪೋಕರಿ!” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೊಸತು. ನಾನು ಅಜ್ಜಿಮನೆಯಲ್ಲಿದ್ದುಕೊಂಡು ಬಾಳೆಲೆ ಎಂಬ ಊರಿನ ಶಾಲೆಯಲ್ಲಿ ಟೀಚರಾಗಿದ್ದೆ. ಆ ವರ್ಷ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ಹೊತ್ತಿಗೆ ಪಿಕಪ್ಪಿನ ಮುಂದಿನ ಬಲಚಕ್ರ ಕಿರುಗುಟ್ಟುತ್ತಿತ್ತು. ಮಾವ ಡ್ರಮ್ ಬಿಚ್ಚಿ, ತೊಳೆದು ಇಟ್ಟಿದ್ದರು. ಹಬ್ಬದ ದಿನ ಕೋವಿ, ಕತ್ತಿ, ನೇಗಿಲುಗಳನ್ನು ದೀಪದ ಮುಂದೆ ಸಾಲಾಗಿಟ್ಟಾಗ, “ನನ್ನ ಆಯುಧ ಇದು” ಎಂದು ನಗುತ್ತಾ ಡ್ರಮ್ಮನ್ನೂ ಕೊನೆಯಲ್ಲಿ ಇಟ್ಟರು. ಕೋವಿಯ ತುದಿಗೆ ತೋಕ್ ಪೂ ಎಂಬ ಕಾಡುಹೂ ಸಿಕ್ಕಿಸಿದ ಹಾಗೆ ನಾನು ಅದಕ್ಕೂ ಒಂದು ಹೂ ಇಟ್ಟೆ.

ಮರುದಿನ ಹೂ ತೆಗೆದು, ಗಂಧ ಒರೆಸಿ, ಡ್ರಮ್ ಕೂರಿಸಿ ನನ್ನನ್ನು ಶಾಲೆಗೆ ಬಿಡಲು ಹೊರಟರು. ಮೊದಲ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ತುಳಿದದ್ದೇ ತಡ, ಗಾಡಿ ಎಡಕ್ಕೆ ಎಳೆದುಕೊಂಡು ಹೋಗಿ ರಸ್ತೆ ಬದಿಯ ಮಣ್ಣಿನ ದರೆಗೆ ಗುದ್ದಿತು. ಎಡಗಡೆ ಕೂತಿದ್ದವಳು ನಾನು. ನನ್ನ ಎಡಗಾಲು ಮಂಡಿಯ ಕೆಳಗೆ ಮುರಿಯಿತು. ಮಾವನಿಗೆ ಒಂದು ತರಚುಗಾಯವೂ ಆಗಲಿಲ್ಲ. ಅದನ್ನು ಅವರು ಸಾಯುವತನಕ ತಮಗಾದ ಅನ್ಯಾಯ ಎಂಬಂತೆಯೇ ಹೇಳುತ್ತಿದ್ದರು.

ಮಾರನೆಯ ದಿನ ಆಸ್ಪತ್ರೆಗೆ ಬಂದ ಮಾವ, ಡ್ರಮ್ ಮತ್ತೆ ಬಿಚ್ಚಿ ಒಳಗೆ ಸವರಿದ ಅಂಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. “ಮೂಸು.”

ಒಂದೆಲಗ ಹಾಕಿ ಕುದಿಸಿದ ಕೊಬ್ಬರಿ ಎಣ್ಣೆ. ಅಜ್ಜಿ ನನ್ನ ತಲೆಗೆ ತಟ್ಟುತ್ತಿದ್ದ ಎಣ್ಣೆ. ಹಬ್ಬದಲ್ಲಿ ಕಬ್ಬಿಣ ಕಂಡಲ್ಲೆಲ್ಲ ಎಣ್ಣೆ ಸವರುವುದು ಅವರ ಪದ್ಧತಿ. ಪಾಪ, ಡ್ರಮ್ಮಿಗೂ ಒಳಹೊರಗೆ ಚೆನ್ನಾಗಿ ತಿಕ್ಕಿದ್ದರು. ಎಣ್ಣೆಗೆ ಬಲಚಕ್ರದ ಬ್ರೇಕ್ ಜಾರಿದೆ, ಎಡಚಕ್ರ ಒಂದೇ ಕಚ್ಚಿ ಹಿಡಿದಿದೆ.

“ಅಜ್ಜಿಗೆ ಹೇಳ್ಬೇಡ ಮಗಾ,” ಎಂದರು ಮಾವ. “ಅಲ್ಲಿ ಇಟ್ಟದ್ದು ನಾನು. ಒಳಗೆ ಬೆರಳು ಆಡಿಸಿ ನೋಡದೆ ಹಾಕಿದ್ದೂ ನಾನೇ. ದಿನಾ ಮುಟ್ಟಿ ನೋಡುವವ ಅವತ್ತು ಮುಟ್ಟಲಿಲ್ಲ.”

ನಾನು ಹೇಳಲಿಲ್ಲ. ಅಜ್ಜಿ ಮಾತ್ರ ಮಗನನ್ನು ಬಿಡಲಿಲ್ಲ. ನಾನು ಕೋಲೂರಿ ಅಂಗಳ ದಾಟುವಾಗಲೆಲ್ಲ, “ಹೆಣ್ಣಿನ ಕಾಲು ತೆಗೆದ್ಯಲ್ಲ, ಕಣ್ಣು ಎಲ್ಲಿಟ್ಟಿದ್ದೆ ನೀನು?” ಎಂದು ಶುರು ಮಾಡುವರು. ನನ್ನ ನಾಲಿಗೆ ತುರಿಸುತ್ತಿತ್ತು. ಮಾವ ಒಂದು ಸಲ ನನ್ನತ್ತ ನೋಡಿ ತಲೆ ತಗ್ಗಿಸುವರು, ಅಷ್ಟೆ. ಮುಂದಿನ ವರ್ಷದಿಂದ ಹಬ್ಬಕ್ಕೆ ಎಣ್ಣೆ ಸವರುವ ಕೆಲಸವನ್ನೂ ಅವರೇ ವಹಿಸಿಕೊಂಡರು. “ನೋಡು, ಇವಂಗೆ ಈಗ ಭಕ್ತಿ ಬಂತು!” ಎಂದು ಅಜ್ಜಿ ಊರಿಗೆಲ್ಲ ಹೇಳಿಕೊಂಡು ನಕ್ಕರು. ಏನೂ ತಿಳಿಯದೆಯೇ ಕಣ್ಣು ಮುಚ್ಚಿದರು.

ಮಾವ ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಎಸ್ಟೇಟಿನವರು ಎಷ್ಟು ಕರೆದರೂ ಹೋಗಲಿಲ್ಲ. ರಸ್ತೆ ಬದಿಯ ನಮ್ಮ ಕೊಟ್ಟಿಗೆಯಲ್ಲಿ ಬ್ರೇಕ್ ರಿಪೇರಿಗೆ ಕೂತರು. ತಿತಿಮತಿಯಿಂದ ಮರ ತರುವ ಲಾರಿಯವರೂ ಅಲ್ಲಿ ನಿಲ್ಲಿಸುತ್ತಿದ್ದರು. “ಪೆಡಲ್ ಕಾಲಿಗೆ ತಟ್ತದಾ?” ಎಂದು ಮಾವ ಕೇಳುವರು. ತಟ್ಟಿದರೆ ಡ್ರಮ್ ಸವೆದು ಗುಂಡಗಿಲ್ಲ ಎಂದು ಲೆಕ್ಕ. “ಎಡಕ್ಕೆ ಎಳೀತದಾ?” ಇದನ್ನು ಕೇಳುವಾಗ ಅವರ ದನಿ ತಗ್ಗುತ್ತಿತ್ತು. ಎಳೆಯುತ್ತದೆ ಎಂದವನನ್ನು ರಿಪೇರಿಯಾಗದೆ ಹೊರಡಲು ಬಿಟ್ಟವರೇ ಅಲ್ಲ.

ನನ್ನ ಕಾಲು ಕೂಡಿಕೊಂಡಿತಾದರೂ ಗಿಡ್ಡವಾಯಿತು. ಮಾವ ಹಳೇ ಟಯರ್ ಕೊಯ್ದು ನನ್ನ ಎಡ ಚಪ್ಪಲಿಗೆ ಅಟ್ಟೆ ಕಟ್ಟಿಕೊಡುತ್ತಿದ್ದರು. ಕಟ್ಟಿ, “ನಡಿ ನೋಡುವ” ಎಂದು ಕಣ್ಣುಮುಚ್ಚಿ ನನ್ನ ಹೆಜ್ಜೆ ಕೇಳುವರು. ನಾನು ಹಲ್ಲು ಕಚ್ಚಿ ಸಮನಾಗಿ ನಡೆಯುತ್ತಿದ್ದೆ. ನೋಯುತ್ತಿತ್ತು, ಆದರೆ ಕುಂಟಿದರೆ ಅವರ ಮುಖ ನೋಡಲಾಗುತ್ತಿರಲಿಲ್ಲ. ನನ್ನ ಕುಂಟೇ ಅವರಿಗೆ ಶಿಕ್ಷೆಯಾಗಿತ್ತು. ಅವರೆದುರು ಹಾದುಹೋಗುವುದೇ ನಾನು ಮಾಡುವ ಪಾಪ ಅನ್ನಿಸುತ್ತಿತ್ತು. ನಾನು ಕ್ಷಮಿಸಿದ್ದೇನೆ ಎನ್ನೋಣವೆಂದರೆ, ಕ್ಷಮಿಸುವಂಥ ತಪ್ಪು ಅವರು ಮಾಡಿದ್ದಾದರೂ ಏನು? ಹಾಗೆಂದರೆ ಎದ್ದು ಹೋಗಿಬಿಡುವರು.

ಕೊನೆಗಾಲಕ್ಕೆ ಮಾವನ ಕಣ್ಣು ಮಂಜಾಗಿತ್ತು. ಒಂದು ದಿನ ನಾನು ಗಂಜಿ ಹಿಡಿದು ಅವರ ಕೋಣೆಗೆ ಹೋದೆ.

“ಎಡಕ್ಕೆ ಎಳೀತದಾ, ಮಗಾ?”

“ಇಲ್ಲ ಮಾವ. ನೇರ ಹೋಗ್ತದೆ.”

“ಸುಳ್ಳು. ನಂಗೆ ಕೇಳ್ತದಲ್ಲ,” ಎಂದು ಗೋಡೆಯ ಕಡೆ ಹೊರಳಿದರು. ಆ ವಾರವೇ ಹೋದರು.

ಅವರನ್ನು ಹೊತ್ತುಕೊಂಡು ಹೋದಾಗ ಗೇಟಿನತನಕ ನಾನೂ ಹಿಂದೆ ನಡೆದೆ. ಟಯರಿನ ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು, ಅವರೆದುರು ಎಂದೂ ಕುಂಟದಷ್ಟು ಕುಂಟಿದೆ. ನನ್ನ ಹೆಜ್ಜೆ ಕೇಳುವವರು ಇರಲಿಲ್ಲವಲ್ಲ.