ಅತ್ತೆಯ ಹಪ್ಪಳ, ನನ್ನ ಪರ್ಪಲ್ ಹಾರ್ಟ್

ನಮ್ಮ ಅತ್ತೆಯದು ದೊಡ್ಡಬಳ್ಳಾಪುರದ ನೇಕಾರರ ಮನೆ. ಬಣ್ಣದ ವಿಷಯದಲ್ಲಿ ಅವರ ಮುಂದೆ ಯಾರೂ ಬಾಯಿ ಬಿಡುವಂತಿಲ್ಲ. ನಾನು ದೇವನಹಳ್ಳಿಯಲ್ಲಿ ಮರಗೆಲಸ ಮಾಡುವವನು. ಮದುವೆಯಾದಾಗಿನಿಂದ ನನ್ನ ಕೈಕೆಲಸವನ್ನು ಅವರು ಒಮ್ಮೆಯೂ ಹೊಗಳಿದ್ದಿಲ್ಲ. ಅವರ ದೇವರಮನೆಗೆ ಒಂದು ಮಂಟಪ ಮಾಡಿಕೊಟ್ಟು, ಅವರ ಬಾಯಿಂದಲೇ ಚೆನ್ನಾಗಿದೆ ಅನ್ನಿಸಿಕೊಳ್ಳಬೇಕು ಎಂಬ ಹಟ ನನಗೆ ಹುಟ್ಟಿತು.

ಏರ್‌ಪೋರ್ಟ್ ರಸ್ತೆಯ ಹೋಟೆಲೊಂದರ ಕೆಲಸದಲ್ಲಿ ಮಿಕ್ಕ ಪರ್ಪಲ್ ಹಾರ್ಟ್ ಹಲಗೆಗಳು ನನ್ನಲ್ಲಿದ್ದವು. ದಕ್ಷಿಣ ಅಮೆರಿಕದ ಮರ, ಮಹಾ ಮೊಂಡು. ಉಜ್ಜುಗೊರಡಿನ ಬ್ಲೇಡನ್ನು ಮತ್ತೆ ಮತ್ತೆ ಮಸೆದು ನನ್ನ ರಟ್ಟೆ ಬಿದ್ದುಹೋಯಿತು. ಹೆರೆದು, ಕೊಯ್ದು, ಅಲ್ಲೇ ಜೋಡಿಸೋಣವೆಂದು ಅತ್ತೆ ಮನೆಗೆ ಒಯ್ದೆ.

“ನೇರಳೆ ಬಣ್ಣದ ಮರ ತಂದಿದೀನಿ ಅತ್ತೆ” ಎಂದು ಬೀಗಿದೆ.

ಆಗತಾನೇ ಹೆರೆದ ಹಲಗೆ ಮಾಸಲು ಕಂದು. ಅತ್ತೆ ಕನ್ನಡಕ ಏರಿಸಿ ನೋಡಿದರು. “ಇದು ನೇರಳೇನಾ ಅಳಿಯಂದ್ರೇ? ಯಾರೋ ನಿಮ್ಗೆ ಚೆನ್ನಾಗಿ ಟೋಪಿ ಹಾಕವ್ರೆ.”

“ಬಿಸ್ಲಿಗಿಟ್ರೆ ಬಣ್ಣ ಬರುತ್ತೆ.”

“ನಾನು ಕಂಡಿರೋ ಬಣ್ಣ ಎಲ್ಲಾ ಬಿಸ್ಲಿಗೆ ಹೋಗೋದೇ. ಬರೋದನ್ನ ಇವತ್ತೇ ಕೇಳಿದ್ದು!”

ಮೈಯೆಲ್ಲ ಉರಿಯಿತು. ಹಲಗೆಗಳನ್ನು ತಾರಸಿಯ ಮೇಲೆ, ಇಟ್ಟಿಗೆಗಳ ಮೇಲೆ ಹಾಸಿ ಊರಿಗೆ ಬಂದೆ. ಕೆಲವು ದಿನ ಬಿಟ್ಟು, ಗೆದ್ದವನ ಗತ್ತಿನಲ್ಲಿ ಹೋಗಿ ತಾರಸಿ ಹತ್ತಿದರೆ ಹಲಗೆಗಳ ತುಂಬ ಅಕ್ಕಿ ಹಪ್ಪಳ!

“ನುಣ್ಣಗಿತ್ತು, ಇರುವೇನೂ ಹತ್ತಲ್ಲ, ಸುಮ್ನೆ ಯಾಕೆ ಬಿದ್ದಿರ್ಬೇಕು ಅಂತ ನೀವು ಹೋದ ದಿನಾನೇ ಹಾಕ್ದೆ” ಎಂದರು ಅತ್ತೆ.

ಒಂದೊಂದೇ ಹಪ್ಪಳ ಎಬ್ಬಿಸಿದೆ. ಬಿಸಿಲು ತಾಗಿದ ಕಡೆ ಹಲಗೆ ಕಳಿತ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹಪ್ಪಳದ ಅಡಿಯಲ್ಲೆಲ್ಲ ದುಂಡು ದುಂಡಾಗಿ ಹಳೆಯ ಕಂದು ಹಾಗೇ ಉಳಿದಿತ್ತು. ನನಗೆ ಅಳುವೇ ಬಂತು. ಅತ್ತೆ ಮಾತ್ರ ಕುಕ್ಕರುಗಾಲಲ್ಲಿ ಕೂತು, ಸೀರೆಯ ಒಡಲು ನೋಡುವ ಹಾಗೆ ಹಲಗೆಯ ಮೇಲೆ ಅಂಗೈ ಆಡಿಸಿದರು.

“ಅಯ್ಯೋ, ಒಡಲ ತುಂಬಾ ಬುಟ್ಟಾ ಬಂದ್ಬಿಟ್ಟಿದೆಯಲ್ರೀ! ಎಷ್ಟು ಚೆನ್ನಾಗಿದೆ!”

“ಇನ್ನಷ್ಟು ದಿನ ಬಿಸ್ಲಿಗೆ ಬಿಟ್ರೆ ಕಲೆ ಹೋಗುತ್ತೆ ಅತ್ತೆ. ಒಂದೇ ಬಣ್ಣ ಆಗುತ್ತೆ.”

“ನನ್ನ ಬುಟ್ಟಾ ಮುಟ್ಟಿದ್ರೆ ನೋಡಿ! ಈಗ್ಲೇ ಜೋಡ್ಸಿ, ಬಿಸಿಲು ಬೀಳದ ಕಡೆ ಇಡಿ.”

ಅಂದೇ ಮಂಟಪ ದೇವರಮನೆ ಸೇರಿತು. ನೆಂಟರು ಬಂದಾಗಲೆಲ್ಲ ಅತ್ತೆ ಅಲ್ಲಿಗೇ ಕರೆದೊಯ್ಯುತ್ತಾರೆ. ಬಂದವರು ಹುಬ್ಬೇರಿಸಿ, ಯಾರು ಮಾಡಿದ್ದು ಎಂದು ಕೇಳುತ್ತಾರೆ. ನಾನು ಬಾಗಿಲಲ್ಲಿ ಗಂಟಲು ಸರಿಮಾಡಿಕೊಳ್ಳುತ್ತೇನೆ.

“ಡಿಸೈನು ನಂದು” ಎನ್ನುತ್ತಾರೆ ಅತ್ತೆ. “ಅಳಿಯಂದ್ರು ಜೋಡ್ಸಿಕೊಟ್ರು, ಪಾಪ.”